ಗೊಳಸಂಗಿ ಕೆರೆಯ ಅಳತೆಗುಡ್ಡೆ

ಪುಣೆ
೧೪ ಮೇ ೧೯೭೨

ಸಾವಂತ್ರಿ,

ಅಕ್ಷರದ ಗುರುತು ಸಿಕ್ಕ ಕೂಡಲೇ ಹರಿದು ಹಾಕಬೇಡ. ಕೊನೆಯವರೆಗೆ ಓದಿ ಆಮೇಲೆ ಏನು ಬೇಕಾದರೂ ಮಾಡು.

ಇಷ್ಟು ವರ್ಷ ಒಂದು ಸಾಲು ಬರೆಯದವನು ಈಗ ಕೆಲಸ ಬಿದ್ದು ಬರೆಯುತ್ತಿದ್ದೇನೆ. ಅದನ್ನು ಸುತ್ತಿ ಬಳಸಿ ಹೇಳಿದರೆ ನಿನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇಲ್ಲಿಯ ಸಂಶೋಧನಾ ಸಂಸ್ಥೆಯಲ್ಲಿ ನನ್ನ ಉದ್ಯೋಗ ಮಣ್ಣು ಓದುವುದು. ಮಳೆನೀರಿನೊಡನೆ ಬಂದು ಕೆರೆಯ ತಳದಲ್ಲಿ ಕೂತ ಮಣ್ಣಿನಲ್ಲಿ ಆಯಾ ಕಾಲದ ಹೂವಿನ ಪರಾಗ, ಬಸವನಹುಳದ ಚಿಪ್ಪು, ಇದ್ದಿಲಿನ ಪುಡಿ ಸಿಕ್ಕಿಕೊಂಡಿರುತ್ತವೆ. ಕೆಸರಿನೊಳಗೆ ಪರಾಗ ಸಾವಿರ ವರ್ಷವಾದರೂ ಕೊಳೆಯುವುದಿಲ್ಲ. ತಾವರೆ, ಜೊಂಡಿನ ಪರಾಗ ಹೆಚ್ಚಿದ್ದರೆ ಕೆರೆ ತುಂಬಿದ ಕಾಲ. ಒಣಭೂಮಿಯ ಹುಲ್ಲಿನದು ಹೆಚ್ಚಿದ್ದರೆ ಮಳೆ ಕೈಕೊಟ್ಟ ಕಾಲ. ಹೀಗೆ ಒಂದೊಂದೇ ಪದರ ನೋಡುತ್ತ ಹಿಂದಕ್ಕೆ ಹೋಗಬಹುದು.

ಇಂಡಿ ತಾಲೂಕಿನಲ್ಲಿ ಎರಡು ಕೆರೆ, ಸಿಂದಗಿ ಕಡೆ ಒಂದು ನೋಡಿ ಬಂದೆವು. ಉಪಯೋಗವಾಗಲಿಲ್ಲ. ರೈತರು ಬೇಸಿಗೆಯಲ್ಲಿ ತಳದ ಮಣ್ಣನ್ನು ಹೊಲಕ್ಕೆ ಹೊತ್ತು ಹೊತ್ತು ಪದರಗಳೆಲ್ಲ ಕಲಸಿಹೋಗಿವೆ. ಗೊಳಸಂಗಿಯ ಹಳೇಕೆರೆಯ ನಡುಮಡು ಮಾತ್ರ ಎಂದೂ ಬತ್ತಿದ್ದಿಲ್ಲ, ಆದ್ದರಿಂದ ಅದನ್ನು ಯಾರೂ ತೋಡಿಲ್ಲ. ಈ ವರ್ಷ ಅದೂ ಬತ್ತಿದೆ ಎಂದು ಕೇಳಿದೆ. ಮತ್ತೆ ನೀರು ಬರುವ ಮೊದಲು ಅಲ್ಲಿ ಕೊಳವೆ ಇಳಿಸಿ ಮಣ್ಣು ತೆಗೆಯಬೇಕು. ಊರವರನ್ನು ಒಪ್ಪಿಸುವವರು ಬೇಕು. ಅಲ್ಲಿ ನನ್ನವರು ಅಂತ ನಿನ್ನ ಹೊರತು ಯಾರೂ ಉಳಿದಿಲ್ಲ.

ನಿನ್ನ ಸೋದರಮಾವನ ಮಗ,
ಸೋಮನಿಂಗ


ಗೊಳಸಂಗಿ
೨೨ ಮೇ ೧೯೭೨

ಸೋಮನಿಂಗ,

ಪತ್ರ ಹರಿಯಲಿಲ್ಲ. ನಲವತ್ತೆಂಟರಲ್ಲಿ, ಅಪ್ಪ ನಮ್ಮ ಮದುವೆಯ ಹಂದರಕ್ಕೆ ಕಂಬ ತರಿಸಿದ ಮೇಲೆ, 'ಬರಲಾಗುವುದಿಲ್ಲ, ಓದು ಮುಗಿದಿಲ್ಲ' ಎಂದು ನೀನು ಬರೆದ ಪತ್ರವನ್ನೂ ಹರಿದಿರಲಿಲ್ಲ. ಓದಿ ಅಪ್ಪನ ಕೈಗೆ ಕೊಟ್ಟು, ಬಾಗೇವಾಡಿಯ ಕನ್ಯಾಶಾಲೆಗೆ ಅರ್ಜಿ ಹಾಕಿದೆ. ಈಗ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿ. ಹಂದರದ ಕಂಬ ದನದ ಮನೆಗೆ ಬಂದವು, ಇನ್ನೂ ಗಟ್ಟಿಯಾಗಿವೆ. ಆ ಮಾತು ಅಲ್ಲಿಗೆ ಬಿಡು.

ಕೆರೆಯ ಮಾತು. ನಾನು ಸಣ್ಣವಳಿದ್ದಾಗ ಒಬ್ಬ ಬಿಳಿ ಸಾಹೇಬ ಬಂದು, ದಂಡೆಯ ಮೇಲಿನ ಶಾಸನದ ಕಲ್ಲನ್ನು 'ಓದಿ ಕಳಿಸ್ತೇನೆ' ಎಂದು ಗಾಡಿಯಲ್ಲಿ ಹೇರಿಕೊಂಡು ಹೋದ. ಅದು ಈಗ ಯಾವ ದೇಶದ ಯಾವ ಕೋಣೆಯಲ್ಲಿದೆಯೋ. ಹಾಗಾಗಿ ಪಂಚಾಯಿತಿಯವರು ನಿನ್ನ ಹೆಸರು ಕೇಳಿದೊಡನೆ ಮುಖ ಗಂಟು ಹಾಕಿದರು. 'ಅಕ್ಕಾರ, ಕಲ್ಲಂತೂ ಹೋತು, ಈಗ ಮಣ್ಣೂ ಒಯ್ತಾರೇನ್ರಿ?' ಎಂದರು. ಹೊರಗಿನವನಲ್ಲ, ಇದೇ ಕೆರೆಯಲ್ಲಿ ಈಜು ಕಲಿಯಲು ಹೋಗಿ ಮುಳುಗುತ್ತಿದ್ದವನು, ನಾನೇ ಜುಟ್ಟು ಹಿಡಿದು ಎಳೆದೆ ಎಂದೆ. ನಕ್ಕು ಒಪ್ಪಿದರು.

ಜೂನ್ ಮೊದಲ ವಾರ ಬಾ. ಊಟ ನಮ್ಮ ಮನೆಯಲ್ಲಿ. ಬೇರೆ ಮಾತು ಬೇಡ.

ಸಾವಂತ್ರವ್ವ


ಗೊಳಸಂಗಿ
೧೨ ಜುಲೈ ೧೯೭೨

ಸೋಮನಿಂಗ,

ಕೂತು ಓದು.

ನೀನು ಜೂನಿನಲ್ಲಿ ಬಂದು ಕೆರೆಯಿಂದ ತೆಗೆದು ನಮ್ಮ ಪಡಸಾಲೆಯಲ್ಲಿ ಬಿಟ್ಟುಹೋದ ಮಣ್ಣು ಇಲ್ಲ. ತಗಡಿನ ತೊಟ್ಟಿಗಳು ಇವೆ, ತೊಳೆದು ಬೋರಲು ಹಾಕಿದ್ದಾರೆ. 'ಒಣಗಿದರೆ ಬಿರಿಯುತ್ತದೆ, ಲಾರಿ ಬರುವವರೆಗೆ ಗೋಣಿತಟ್ಟು ಹೊದಿಸಿ ನೀರು ಚಿಮುಕಿಸುತ್ತಿರಿ' ಎಂದಿದ್ದೆ. ಚಿಮುಕಿಸಿದರು. ನನ್ನ ತಮ್ಮನ ಹೆಂಡತಿ ಕಸ್ತೂರೆವ್ವ ಒಂದು ದಿನವೂ ತಪ್ಪಿಸಲಿಲ್ಲ.

ನಾನು ತರಬೇತಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಸೋಮವಾರ ಮಣ್ಣೆತ್ತಿನ ಅಮಾವಾಸ್ಯೆ. ಮಳೆ ಹನಿ ಬಿದ್ದಿಲ್ಲ, ಊರ ಮಣ್ಣೆಲ್ಲ ಕಲ್ಲು. ಎತ್ತು ಮಾಡಿ ಪೂಜಿಸಲು ಹಿಡಿ ಹಸಿಮಣ್ಣಿಲ್ಲ ಎಂದು ಓಣಿಯ ಹೆಂಗಸರು ಅಡ್ಡಾಡುವಾಗ ಇವಳು ಬಾಗಿಲಲ್ಲಿ ನಿಂತು ಕರೆದಳಂತೆ: 'ಬರ್ರೆವ್ವಾ, ನಮ್ಮ ಪಡಸಾಲ್ಯಾಗ ಐತಿ. ಪುಣೆ ಮಾಮಾ ಅಮಾಸಿ ಸಲುವಾಗಿ ತಗದು ಹಸಿ ಇಡ್ರಿ ಅಂತ ಹೇಳಿ ಹೋಗ್ಯಾನ.'

ನಾನು ಬಂದಾಗ ಓಣಿಯ ಪ್ರತಿ ಮನೆಯ ಜಗಲಿಯ ಮೇಲೆ ಒಂದು ಜೋಡಿ ನಿಂತಿತ್ತು. ಕಣ್ಣಿಗೆ ಕುಸುಬಿ ಕಾಳು, ಕೊಂಬಿಗೆ ಅರಿಸಿನ. 'ಬೆಣ್ಣಿ ಇದ್ದಂಗ ಇತ್ತು ನೋಡಕ್ಕಾ ಮಣ್ಣು, ಒಂದ ಹರಳಿಲ್ಲ. ಇಂಥಾ ಎತ್ತು ಯಾವ ವರ್ಷಾನೂ ಆಗಿದ್ದಿಲ್ಲ' ಎಂದು ಕಸ್ತೂರೆವ್ವ ಹಿಗ್ಗಿ ತೋರಿಸಿದಳು. ನಾನು ಬೈದ ಮೇಲೆ ಅವಳು ಒಲೆಯ ಮುಂದೆ ಕೂತವಳು ರಾತ್ರಿ ಉಣ್ಣಲಿಲ್ಲ.

ಅವಳ ಪರವಾಗಿ ಕ್ಷಮೆ ಕೇಳುವುದಿಲ್ಲ. ಅದು ಏನು, ಯಾಕೆ ಹಸಿ ಇಡಬೇಕು ಎಂದು ನೀನು ಅವಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮಿಬ್ಬರಿಗೂ ಅದು ಅವಶ್ಯ ಅನ್ನಿಸಿರಲಿಲ್ಲ.

ಸಾವಂತ್ರವ್ವ


ಪುಣೆ
೨೦ ಜುಲೈ ೧೯೭೨

ಸಾವಂತ್ರಿ,

ನೂರಾರು ವರ್ಷದ ಮಣ್ಣಿಗೆ ಕುಸುಬಿಯ ಕಣ್ಣು. ಡೈರೆಕ್ಟರರಿಗೆ ಹೇಳಿದೆ, ನಕ್ಕರು. ಮೊದಲಿಂದಲೂ ಅವರಿಗೆ ಈ ಕೆಲಸದಲ್ಲಿ ನಂಬಿಕೆ ಇರಲಿಲ್ಲ. ಇನ್ನೊಮ್ಮೆ ಜೀಪು, ಆಳು ಕೊಡುವುದಿಲ್ಲ ಎಂದಿದ್ದಾರೆ.

ಹೇಳಬೇಕಿತ್ತು ಎಂದು ಬರೆದಿದ್ದೀಯ. ಹೆಂಗಸರಿಗೆ ಅದನ್ನೆಲ್ಲ ಹೇಳಿ ಏನು ಪ್ರಯೋಜನವಿತ್ತು?

ಸೋಮನಿಂಗ


ಗೊಳಸಂಗಿ
೩ ಆಗಸ್ಟ್ ೧೯೭೨

ಸೋಮನಿಂಗ,

'ಹೆಂಗಸರಿಗೆ.' ಆ ಮಾತನ್ನು ನಿನ್ನ ಕಾಗದದಲ್ಲಿ ನೋಡಿ ಸಿಟ್ಟು ಬಂತು ಎಂದರೆ ಕಡಿಮೆಯಾಯಿತು. ಇಪ್ಪತ್ತನಾಲ್ಕು ವರ್ಷದಿಂದ ನಾನು ಪಾಠ ಹೇಳುತ್ತಿರುವುದು ಯಾರಿಗೆ ಅಂತ ತಿಳಿದಿದ್ದೀಯ?

ಒಂದು ಕೆಲಸ ಮಾಡು. ಮೂರು ಪುಟ ಬರೆದು ಕಳಿಸು. ಆ ಮಣ್ಣಿನಲ್ಲಿ ನೀನು ಏನು ಹುಡುಕುತ್ತಿದ್ದೆ, ಸಿಕ್ಕಿದ್ದರೆ ಏನಾಗುತ್ತಿತ್ತು. ಎತ್ತು ಮಾಡಿದವರನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಕೂರಿಸಿ ನಾನೇ ಓದುತ್ತೇನೆ. ತಿಳಿಯದಿದ್ದರೆ ಅದು ಅವರ ದೋಷವಲ್ಲ, ನಿನ್ನ ಬರವಣಿಗೆಯ ದೋಷ.

ಇನ್ನೊಂದು. ಭೂಮಿ ತಣ್ಣಗಾಗುತ್ತಿದೆ, ಮತ್ತೆ ಹಿಮದ ಯುಗ ಬರುತ್ತದೆ ಎಂದು ಪೇಪರಿನಲ್ಲಿ ಓದಿದೆ. ಇಲ್ಲಿ ಬಿಸಿಲಿಗೆ ಶಾಲೆಯ ಕರಿಹಲಗೆ ಸೀಳಿದೆ. ಯಾವುದು ನಿಜ? ಅದನ್ನೂ ಬರೆ.

ಸಾವಂತ್ರವ್ವ


ಪುಣೆ
೧೦ ಸೆಪ್ಟೆಂಬರ್ ೧೯೭೨

ಸಾವಂತ್ರಿ,

ಹಾಗೆ ಬರೆದದ್ದು ತಪ್ಪು. ಮೂರು ಪುಟ ಕೇಳಿದ್ದೀಯ, ಒಂದೇ ಬರೆಯುತ್ತೇನೆ. ಮೂರು ಬರೆದರೆ ನನಗೆ ಗೊತ್ತಿಲ್ಲದ್ದನ್ನೂ ಬರೆದೇನು.

ಮಳೆ ಅಳೆಯುವ ಡಬ್ಬಿ ನಮ್ಮ ಕಡೆ ಬಂದು ಹೆಚ್ಚೆಂದರೆ ನೂರು ವರ್ಷ. ಅದಕ್ಕಿಂತ ಹಿಂದಿನ ಬಿಸಿಲು ಮಳೆ ಬೇರೆ ಕಡೆ ಹುಡುಕಬೇಕು. ಗ್ರೀನ್‌ಲ್ಯಾಂಡಿನಲ್ಲಿ ಹಿಮದ ಮೇಲೆ ಹಿಮ ಬಿದ್ದು ಗಟ್ಟಿಯಾದದ್ದನ್ನು ತಳದವರೆಗೆ ಕೊರೆದು ತೆಗೆದಿದ್ದಾರೆ; ಹಿಂದೆ ಯಾವಾಗ ಚಳಿ ಹೆಚ್ಚಿತ್ತು, ಯಾವಾಗ ಕಡಿಮೆಯಿತ್ತು ಎಂದು ಅದು ಹೇಳುತ್ತದೆ. ಕೆಲವರು ಸಮುದ್ರದ ತಳದ ಕೆಸರು ನೋಡುತ್ತಾರೆ, ಕೆಲವರು ಮರದ ಉಂಗುರ. ನಮ್ಮ ಪಾಲಿಗೆ ಕೆರೆ.

ಇದು ಯಾಕೆ ಬೇಕು ಎಂದರೆ: ಯುರೋಪು, ಅಮೆರಿಕದವರು ನೂರೈವತ್ತು ವರ್ಷದಿಂದ ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆಯ ಇಂಗಾಲ ಅನಿಲವಾಗಿ ಗಾಳಿಗೆ ಸೇರುತ್ತಿದೆ. ಪೆಸಿಫಿಕ್ ಸಾಗರದ ಒಂದು ದ್ವೀಪದ ಬೆಟ್ಟದ ಮೇಲೆ ಐವತ್ತೆಂಟರಿಂದ ಅದನ್ನು ಅಳೆಯುತ್ತಿದ್ದಾರೆ. ಪ್ರತಿ ವರ್ಷ ಏರಿದೆ. ಆ ಅನಿಲ ಬಿಸಿಲನ್ನು ಒಳಗೆ ಬಿಡುತ್ತದೆ, ನೆಲದ ಕಾವನ್ನು ಹೊರಗೆ ಬಿಡದೆ ಕಂಬಳಿಯ ಹಾಗೆ ಹಿಡಿದಿಡುತ್ತದೆ. ನೀನು ಪೇಪರಿನಲ್ಲಿ ಓದಿದ್ದೂ ಪೂರ್ತಿ ಸುಳ್ಳಲ್ಲ. ಕೆಲವು ದಶಕಗಳಿಂದ ಉತ್ತರದ ದೇಶಗಳು ತುಸು ತಣ್ಣಗಾಗಿವೆ. ಚಿಮಣಿಯ ಧೂಳು ಬಿಸಿಲನ್ನು ತಡೆಯುತ್ತದೆ ಎನ್ನುವವರಿದ್ದಾರೆ. ಆದರೆ ಧೂಳನ್ನು ಮಳೆ ತೊಳೆಯುತ್ತದೆ, ಅನಿಲ ಉಳಿಯುತ್ತದೆ. ಕೊನೆಗೆ ಗೆಲ್ಲುವುದು ಕಂಬಳಿ ಎನ್ನುವವರ ಪಕ್ಷ ನನ್ನದು. ನಮ್ಮ ಸಂಸ್ಥೆಯಲ್ಲಿ ಆ ಪಕ್ಷದವನು ನಾನೊಬ್ಬನೇ.

ಜ್ವರ ಎಷ್ಟು ಏರಿದೆ ಎನ್ನಬೇಕಾದರೆ ಜ್ವರ ಇಲ್ಲದಾಗ ಮೈ ಹೇಗಿತ್ತು ಎಂದು ಗೊತ್ತಿರಬೇಕು. ನಮ್ಮ ನಾಡಿನ ಮೈ ಯಾರೂ ಮುಟ್ಟಿ ನೋಡಿಲ್ಲ. ಅದಕ್ಕೇ ಆ ಮಣ್ಣು ಬೇಕಿತ್ತು.

ಕಸ್ತೂರೆವ್ವಗೆ ಉಣ್ಣಲು ಹೇಳು.

ಸೋಮನಿಂಗ


ಗೊಳಸಂಗಿ
೯ ಫೆಬ್ರವರಿ ೧೯೭೩

ಸೋಮನಿಂಗ,

ನಿನ್ನ ಒಂದು ಪುಟವನ್ನು ಓದಿ ನಾಲ್ಕು ತಿಂಗಳಾಯಿತು. ತಿಳಿಯಿತು. ಎಷ್ಟು ತಿಳಿಯಿತೆಂದರೆ ಪಕ್ಕದ ಓಣಿಯ ಮಾಬುಬಿ, 'ಹಂಗಾರ ಕಂಬಳಿ ನೇಯ್ದವರು ಅವರು, ಹೊದ್ದು ಬೆವರಾವರು ನಾವು, ಹೌದಿಲ್ರಿ ಅಕ್ಕಾರ?' ಎಂದು ಕೇಳಿದಳು. ಅದಕ್ಕೆ ಉತ್ತರ ನಿನ್ನ ಪುಟದಲ್ಲಿ ಇರಲಿಲ್ಲ.

ಈಗ ತುರ್ತು ಮಾತು. ಹಿಂಗಾರಿಯೂ ಕೈಕೊಟ್ಟಿತು. ಸರಕಾರ ಬರಗಾಲದ ಕಾಮಗಾರಿ ತೆರೆದಿದೆ. ನಮ್ಮೂರಿನ ಪಾಲಿಗೆ ಬಂದದ್ದು ಹಳೇಕೆರೆಯ ಹೂಳು ತೆಗೆಯುವ ಕೆಲಸ. ಸಿಂದಗಿ ಕಡೆಯಿಂದಲೂ ಜನ ಬಂದು ದಂಡೆಯ ಮೇಲೆ ಗುಡಿಸಲು ಹಾಕಿದ್ದಾರೆ. ಕಸ್ತೂರೆವ್ವ ಕೂಡ ಬುಟ್ಟಿ ಹೊತ್ತಿದ್ದಾಳೆ. ನಿನ್ನ ಪದರಗಳು ದಿನಾ ತಲೆಯ ಮೇಲೆ ದಂಡೆಗೆ ಹೋಗುತ್ತಿವೆ. ನಿಲ್ಲಿಸಿ ಎನ್ನುವ ಬಾಯಿ ನನಗಿಲ್ಲ. ಈ ಕೆಲಸ ನಿಂತರೆ ಊರಲ್ಲಿ ಒಲೆ ಉರಿಯುವುದಿಲ್ಲ.

ಆದರೆ ಕೇಳು. ಅಗೆಯುವ ಕೆಲಸದಲ್ಲಿ ಒಂದು ಪದ್ಧತಿ ಇದೆ. ತಗ್ಗಿನ ನಡುವೆ ಒಂದು ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಡುತ್ತಾರೆ. ಎಷ್ಟು ಆಳ ಅಗೆದರು ಎಂಬುದಕ್ಕೆ ಅದೇ ಗುರುತು. ಅದನ್ನು ಅಳೆದು ಕೂಲಿ ಬರೆಯುತ್ತಾರೆ. ಅಳತೆಗುಡ್ಡೆ ಎನ್ನುತ್ತಾರೆ. ಅಳತೆಯಾಗುವವರೆಗೆ ಅದಕ್ಕೆ ಯಾರೂ ಗುದ್ದಲಿ ತಾಗಿಸುವುದಿಲ್ಲ, ಮೇಲಿನ ಹುಲ್ಲನ್ನೂ ಕೀಳುವುದಿಲ್ಲ. ಅಳತೆ ಮುಗಿದ ಮೇಲೆ ಕೆಡವುತ್ತಾರೆ.

ನಿನ್ನೆ ಕಸ್ತೂರೆವ್ವ ಶಾಲೆಗೇ ಬಂದು ನನ್ನನ್ನು ಕೆರೆಗೆ ಎಳೆದುಕೊಂಡು ಹೋದಳು. 'ಅಕ್ಕಾ, ಮಡುವಿನಾಗ ಗುಡ್ಡಿ ನಿಂತೈತಿ. ಮಾಮಾನ ಮಣ್ಣು ಅದರಾಗ ನಿಂತ ಐತಿ ನೋಡು.' ನೋಡಿದೆ. ನನ್ನ ತಲೆಗಿಂತ ಎತ್ತರ. ಕರಿ, ಬೂದು, ಮತ್ತೆ ಕರಿ. ಎದೆಯ ಮಟ್ಟದಲ್ಲಿ ಸುಣ್ಣ ಬಳಿದ ಹಾಗೆ ಒಂದು ಬಿಳಿ ಪಟ್ಟಿ, ಅದರ ತುಂಬ ಚಿಪ್ಪಿನ ಚೂರು. ಬುಡದಲ್ಲಿ ಕೆರೆ ಕಟ್ಟಿದವರು ಬಡಿದು ಕೂರಿಸಿದ ಗರಸುಮಣ್ಣು. ನಿನ್ನ ಕೊಳವೆ ಇಷ್ಟು ಕೆಳಗೆ ಇಳಿದೇ ಇರಲಿಲ್ಲ.

ಬೇಗ ಬಾ.

ಸಾವಂತ್ರವ್ವ


ಪುಣೆ
೧೬ ಫೆಬ್ರವರಿ ೧೯೭೩

ಸಾವಂತ್ರಿ,

ಡೈರೆಕ್ಟರು ದಿಲ್ಲಿಗೆ ಹೋಗಿದ್ದಾರೆ. ಅವರು ಬಂದು ಸಹಿ ಹಾಕದೆ ಇಲ್ಲಿಂದ ಕದಲುವಂತಿಲ್ಲ. ಮಾರ್ಚ್ ಕೊನೆಯಾದರೂ ಆದೀತು. ಅಲ್ಲಿಯವರೆಗೆ ಗುಡ್ಡೆಯನ್ನು ಕೆಡವಗೊಡಬೇಡ. ಅಂಥದ್ದು ನನ್ನ ಜೀವಮಾನದಲ್ಲಿ ಇನ್ನೊಂದು ಸಿಗುವುದಿಲ್ಲ.

ಯಾವ ಅಧಿಕಾರದಿಂದ ತಡೆಯುತ್ತೀ ಎಂದು ನನಗೆ ಹೊಳೆಯುತ್ತಿಲ್ಲ.

ಸೋಮನಿಂಗ


ಗೊಳಸಂಗಿ
೧೮ ಮಾರ್ಚ್ ೧೯೭೩

ಸೋಮನಿಂಗ,

ಗುಡ್ಡೆ ನಿಂತಿದೆ. ಹೇಗೆ ನಿಂತಿದೆ ಎಂದು ಹೇಳುತ್ತೇನೆ.

ಗುರುವಾರ ಅಳತೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಕೂಲಿಗಳ ಮೇಸ್ತ್ರಿ, ಮುಕಾದಮ ಯಂಕಪ್ಪ ಹಾರೆ ಹಿಡಿದ ನಾಲ್ಕು ಜನರೊಡನೆ ಮಡುವಿಗೆ ಇಳಿದ. ಬಿಜಾಪುರದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು, ತಳ ಸಪಾಟು ಕಾಣಬೇಕು. ಕಸ್ತೂರೆವ್ವ ಬುಟ್ಟಿ ಬಿಟ್ಟು ಗುಡ್ಡೆಯ ಬುಡದಲ್ಲಿ ಕೂತುಬಿಟ್ಟಳು. ನನಗೆ ಸುದ್ದಿ ಬಂದು ನಾನು ಹೋಗುವ ಹೊತ್ತಿಗೆ ಅವಳ ಪಕ್ಕ ಮಾಬುಬಿ, ರೇವವ್ವ, ಶಂಕ್ರೆವ್ವ, ಹಿಂದೆ ಇಡೀ ಗ್ಯಾಂಗು.

'ಏಳವ್ವಾ ತಂಗಿ, ನಿಮ್ಮ ಕೂಲಿ ಬರದಾಗೇತಿ. ಇನ್ನ ಈ ಗುಡ್ಡಿ ಹಿಡಕೊಂಡು ಏನ್ ಮಾಡ್ತೀರಿ?' ಎಂದ ಯಂಕಪ್ಪ.

'ನಿನಗೇನು ಭಾರ ಆಗೇತಿ? ನಿನ್ನ ತಲಿ ಮ್ಯಾಲೆ ಕುಂತೈತೇನು?' ಎಂದಳು ಮಾಬುಬಿ.

'ಸಾಹೇಬ್ರು ಬೈತಾರ.'

'ಬೈಸ್ಕೋ. ನಾವು ದಿನಾ ನಿನ್ನ ಕಡಿಂದ ಬೈಸ್ಕೋತೇವಿ, ಸತ್ತೇವೇನು?'

ಕಸ್ತೂರೆವ್ವ ಮಾತ್ರ ನಗಲಿಲ್ಲ. 'ಒಂದ ಸಲ ಗೊತ್ತಿಲ್ದ ಹಾಳ ಮಾಡೇನಿ. ಗೊತ್ತಿದ್ದು ಮಾಡಾಂಗಿಲ್ಲ. ಹಾರಿ ಹಾಕೂದಾದ್ರ ಮೊದಲ ನನ್ನ ಮ್ಯಾಲೆ ಹಾಕು' ಎಂದಳು.

ಅಷ್ಟರಲ್ಲಿ ಓವರ್ಸಿಯರ್ ಬಂದ. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ಹಾಜರಿ ಪಟ್ಟಿಯಿಂದ ಎಲ್ಲರ ಹೆಸರು ಹೊಡೆದು ಹಾಕುತ್ತೇನೆ ಎಂದ. ಹಿಂದಿನ ಸಾಲಿನ ಕೆಲವರು ಬುಟ್ಟಿ ಎತ್ತಿಕೊಂಡರು. ಆ ಮಾತಿಗೆ ಯಾರು ಹೆದರುವುದಿಲ್ಲ? ಆಗ ನಾನು ಮುಂದೆ ಹೋದೆ. 'ಇವರು ನಾನು ಹೇಳಿದ್ದಕ್ಕೆ ಕೂತವರು. ಹೆಸರು ಹೊಡೆಯುವುದಾದರೆ ನನ್ನದು ಹೊಡೆಯಿರಿ. ಸಾವಂತ್ರವ್ವ, ಕನ್ಯಾಶಾಲೆ, ಬಸವನ ಬಾಗೇವಾಡಿ. ಬರೆದುಕೊಳ್ಳಿರಿ' ಎಂದೆ. ಅದು ಸುಳ್ಳು. ನಾನು ಯಾರಿಗೂ ಕೂಡ್ರಲು ಹೇಳಿರಲಿಲ್ಲ. ಓವರ್ಸಿಯರ್ ನಿಜವಾಗಿಯೂ ಬರೆದುಕೊಂಡ.

ಮಧ್ಯಾಹ್ನ ದೊಡ್ಡ ಸಾಹೇಬರು ಬಂದರು. ನಾನು ಗುಡ್ಡೆಯ ಪಕ್ಕ ನಿಂತು, ನಿನ್ನ ಒಂದು ಪುಟವನ್ನು ಬಾಯಿಪಾಠ ಒಪ್ಪಿಸಿದೆ. ಅವರು ಬಿಳಿ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. 'ಮಾರ್ಚ್ ಕಡೀತನಕ ಇರ್ಲಿ' ಎಂದರು. ಹೋಗುವಾಗ ಓವರ್ಸಿಯರನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅದೂ ಕಂಡಿತು.

ಇದೇ ತಿಂಗಳು ಬಾ. ಸಹಿ ಬರಲಿ, ಬಿಡಲಿ.

ಸಾವಂತ್ರವ್ವ


ಮುದ್ದೇಬಿಹಾಳ
೨೫ ಜೂನ್ ೧೯೭೩

ಸೋಮನಿಂಗ,

ವಿಳಾಸ ಬದಲಾದದ್ದು ನೋಡು. ಶಾಲೆ ತೆರೆದ ದಿನವೇ ಆಜ್ಞೆ ಬಂತು: 'ಆಡಳಿತದ ಹಿತದೃಷ್ಟಿಯಿಂದ' ವರ್ಗ. ಯಾವ ಹಿತ ಎಂದು ಬರೆದಿಲ್ಲ. ಇಲ್ಲಿ ಮುಖ್ಯೋಪಾಧ್ಯಾಯಿನಿಯಲ್ಲ, ಬರಿಯ ಶಿಕ್ಷಕಿ. ಸಂತೆಪೇಟೆಯ ಹಿಂದೆ ಒಂದು ಕೋಣೆ ಹಿಡಿದಿದ್ದೇನೆ. ಹುಡುಗಿಯರು ಚುರುಕಾಗಿದ್ದಾರೆ.

ಮಾರ್ಚ್ ಕೊನೆಯ ವಾರ ನೀನು ಬಂದು ಆ ಗುಡ್ಡೆಯನ್ನು ಚಾಕುವಿನಿಂದ ಹೋಳು ಮಾಡಿ ತಗಡಿನ ಪೆಟ್ಟಿಗೆಗೆ ತುಂಬುವಾಗ ಕಸ್ತೂರೆವ್ವ ಒಂದೊಂದೇ ಪೆಟ್ಟಿಗೆ ಎತ್ತಿ ಕೊಡುತ್ತಿದ್ದಳಲ್ಲ, ಆ ಹೊತ್ತಿಗೆ ನನ್ನ ಮೇಲಿನ ಕಾಗದ ಬಿಜಾಪುರ ಮುಟ್ಟಿತ್ತು. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಚಾಕು ಕೆಳಗಿಟ್ಟು ಕೂತುಬಿಡುತ್ತಿದ್ದೆ.

ಮಳೆ ಹಿಡಿದಿದೆ. ಮಡುವಿಗೆ ನೀರು ಬಂತಂತೆ.

ಸಾವಂತ್ರವ್ವ


ಪುಣೆ
೨೦ ನವೆಂಬರ್ ೧೯೭೪

ಸಾವಂತ್ರಿ,

ಒಂದೂವರೆ ವರ್ಷ ಬರೆಯಲಿಲ್ಲ. ಬರೆಯುವಂಥದ್ದು ಕೈಗೆ ಬರಲಿ ಎಂದು ಕಾದೆ. ಈಗ ಬಂದಿದೆ, ಮತ್ತು ಹೋಗಿದೆ.

ಗಿಡ ಬದುಕಿರುವಾಗ ಗಾಳಿಯಿಂದ ಒಂದು ವಿಶೇಷ ಜಾತಿಯ ಇಂಗಾಲವನ್ನೂ ತುಸು ತೆಗೆದುಕೊಂಡಿರುತ್ತದೆ. ಸತ್ತ ಮೇಲೆ ಅದು ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ನೋಡಿ ಇದ್ದಿಲಿನ ವಯಸ್ಸು ಹೇಳುತ್ತಾರೆ. ಗುಡ್ಡೆಯ ಬುಡದ ಇದ್ದಿಲು ಎಂಟುನೂರು ವರ್ಷದ್ದು, ನೂರು ವರ್ಷ ಆಚೆ ಈಚೆ. ಅಲ್ಲಿಂದ ಇಲ್ಲಿಯವರೆಗೆ ಮಡು ಪೂರ್ತಿ ಬತ್ತಿದ್ದು ಮೂರು ಸಲ. ನೀನು ಎದೆಯ ಮಟ್ಟದಲ್ಲಿ ಕಂಡ ಬಿಳಿ ಪಟ್ಟಿ ನಡುವಿನದು. ಅದನ್ನು ಸುಮಾರು ಆರುನೂರು ವರ್ಷದ ಹಿಂದಿನ ದುರ್ಗಾದೇವಿ ಬರ ಎಂದು ಕರೆಯುವ ಆಸೆ ನಿನಗೆ ಆಗುತ್ತದೆ, ನನಗೂ ಆಯಿತು. ನೂರು ವರ್ಷ ಆಚೀಚೆ ಇರುವಾಗ ಹೆಸರಿಡಬಾರದು. ಒಂದು ಕೆರೆ ಇಡೀ ಭೂಮಿಯ ಮಾತು ಹೇಳಲಾರದು. ಇಂಥ ನೂರು ಬೇಕು.

ಇದನ್ನೆಲ್ಲ ಬರೆದ ಪ್ರಬಂಧದ ಕೊನೆಯ ಪರಿಚ್ಛೇದದಲ್ಲಿ ಒಂದು ಮಾತು ಸೇರಿಸಿದೆ. ಕಲ್ಲಿದ್ದಲು ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಆ ವಿಶೇಷ ಇಂಗಾಲ ಒಂದಿಷ್ಟೂ ಉಳಿದಿಲ್ಲ. ಮರದ ಉಂಗುರಗಳನ್ನು ನೋಡಿದವರು ಕಂಡುಕೊಂಡಿದ್ದಾರೆ: ಈ ಶತಮಾನದಲ್ಲಿ, ಅಣುಬಾಂಬಿನ ಪರೀಕ್ಷೆಗಳು ಲೆಕ್ಕ ಕೆಡಿಸುವ ಮೊದಲು, ಗಾಳಿಯಲ್ಲಿ ಅದು ತೆಳ್ಳಗಾಗುತ್ತ ಬಂದಿತ್ತು. ಅಂದರೆ ಗಾಳಿಗೆ ಸೇರುತ್ತಿರುವುದು ಮನುಷ್ಯ ನೆಲದಿಂದ ತೆಗೆದು ಸುಟ್ಟ ಇಂಗಾಲ. ಇದ್ದಿಲಿಗೆ ವಯಸ್ಸು ಹೇಳಿದ ಲೆಕ್ಕವೇ ಸುಟ್ಟವರನ್ನೂ ತೋರಿಸುತ್ತದೆ. ಆದ್ದರಿಂದ ಹಿಂದಿನ ಬರಗಳನ್ನು ನೋಡಿ ಮುಂದಿನವೂ ಹಾಗೇ ಎನ್ನಲು ಬರುವುದಿಲ್ಲ ಎಂದು ಬರೆದೆ.

ಡೈರೆಕ್ಟರು ಕೆಂಪು ಗೆರೆ ಎಳೆದರು. 'ದೇಶ ಗಣಿಗಳನ್ನು ಈಗಷ್ಟೇ ಕೈಗೆ ತಗೊಂಡಿದೆ, ಎಣ್ಣೆ ಸಿಗುತ್ತಿಲ್ಲ, ನೀವು ಸರಕಾರಿ ಸಂಬಳ ಉಂಡು ಕಲ್ಲಿದ್ದಲಿನ ಮೇಲೆ ಬರೆಯುತ್ತೀರಿ. ಬರ ಹಿಂದೆಯೂ ಬಂದಿತ್ತು, ಸ್ವಾಭಾವಿಕ ಎಂಬಲ್ಲಿಗೆ ನಿಲ್ಲಿಸಿ' ಎಂದರು. ಹಾಗೆ ನಿಲ್ಲಿಸಲು ನಾನು ಒಪ್ಪಲಿಲ್ಲ. ಪ್ರಬಂಧ ವಾಪಸ್ ತಗೊಂಡೆ. ಮೇಜಿನ ಖಾನೆಯಲ್ಲಿದೆ.

ಇಷ್ಟಾದರೂ ಮಾಡಿದೆ ಎಂದು ನಿನಗೆ ತಿಳಿಸಬೇಕೆನ್ನಿಸಿತು.

ಸೋಮನಿಂಗ


ಮುದ್ದೇಬಿಹಾಳ
೧ ಡಿಸೆಂಬರ್ ೧೯೭೪

ಸೋಮನಿಂಗ,

ಶಾಬಾಸ್ ಎನ್ನಲಿ ಎಂದು ಬರೆದಿದ್ದರೆ ತಪ್ಪು ವಿಳಾಸಕ್ಕೆ ಬರೆದಿದ್ದೀಯ.

'ಬರ ಸ್ವಾಭಾವಿಕ.' ಈ ಮಾತು ನನಗೆ ಹೊಸದಲ್ಲ. ನಮ್ಮ ಅಜ್ಜಿಯ ಕಾಲದ, ಹದಿನೆಂಟುನೂರ ಎಪ್ಪತ್ತಾರರ ಬರದಲ್ಲಿ ಜನ ದಾರಿಯಲ್ಲಿ ಬಿದ್ದು ಸಾಯುತ್ತಿದ್ದರು, ಬಂದರಿನಿಂದ ಹಡಗು ಧಾನ್ಯ ತುಂಬಿಕೊಂಡು ಹೋಗುತ್ತಿದ್ದವು. ಆಗಲೂ ಗೋರಾ ಸಾಹೇಬರು ಕಾಗದದಲ್ಲಿ ಬರೆದದ್ದು ಅದನ್ನೇ: ಮಳೆ ಬರಲಿಲ್ಲ, ಯಾರೂ ಹೊಣೆಯಲ್ಲ. ಹೋದ ವಾರ ಇಲ್ಲಿಯ ಸಭೆಯಲ್ಲಿ ಒಬ್ಬ ಮುಖಂಡ ಎದೆ ಮುಂದೆ ಮಾಡಿ ಅದೇ ಮಾತು ಆಡಿದ. ನಿನ್ನ ಮಣ್ಣನ್ನು ಅವನಂಥವರ ಬಾಯಿಗೆ ಹಾಕಲು ನಿನ್ನ ಡೈರೆಕ್ಟರು ಅಣಿಯಾಗಿದ್ದಾರೆ, ಮತ್ತು ನೀನು ಖಾನೆಗೆ ಬೀಗ ಹಾಕಿ ಧೈರ್ಯ ಮಾಡಿದೆ ಎನ್ನುತ್ತೀಯ.

ಹೊಗೆ ಯಾರದು? ಗೊಳಸಂಗಿಯದಲ್ಲ. ನಾವು ಕುಳ್ಳು ಹಚ್ಚಿ ರೊಟ್ಟಿ ಬಡಿದವರು. ಗಿರಣಿ ತಿರುಗಿದ್ದು ಅವರ ಊರಲ್ಲಿ, ದೀಪ ಉರಿದದ್ದು ಅವರ ಮನೆಯಲ್ಲಿ. ಈಗ ನಮ್ಮ ಸರದಿ, ನಮಗೂ ಕರೆಂಟು ಬೇಕು, ಕಲ್ಲಿದ್ದಲು ಬೇಕು ಎಂದು ನಿನ್ನ ಡೈರೆಕ್ಟರು ಹೇಳಿದರೆ ನಾನು ಇಲ್ಲ ಎನ್ನುವುದಿಲ್ಲ. ನನ್ನ ಹುಡುಗಿಯರು ಚಿಮಣಿ ಬುಡ್ಡಿಯಲ್ಲಿ ಓದಿ ಕಣ್ಣು ಕೆಡಿಸಿಕೊಳ್ಳುತ್ತಿದ್ದಾರೆ. ಬೇಕು. ಆದರೆ ಏನಾಗುತ್ತದೆ ಎಂದು ತಿಳಿದು ಉರಿಸೋಣ. ತಿಳಿದವನ ಬಾಯಿಗೆ ಬಟ್ಟೆ ತುರುಕಿ ಉರಿಸುವುದು ಬೇಡ. ಸುಟ್ಟವರಿಗೆ 'ಇದು ನಿಮ್ಮದು' ಎಂದು ಹೇಳಲು ನಮ್ಮ ಕೈಯಲ್ಲಿ ಏನಾದರೂ ಬೇಕಲ್ಲ. ನೀನು ಅದನ್ನೇ ಖಾನೆಯಲ್ಲಿಟ್ಟಿದ್ದೀಯ.

ಕಸ್ತೂರೆವ್ವ ಹಾರೆಯ ಮುಂದೆ ಕೂತದ್ದು ನಿನ್ನ ಖಾನೆ ತುಂಬಲಿ ಎಂದಲ್ಲ. ರೇವವ್ವ, ಶಂಕ್ರೆವ್ವ ಹಾಜರಿ ಹೋದರೂ ಹೋಗಲಿ ಎಂದು ಕೂತವರು. ಮಾಬುಬಿ ಪ್ರತಿ ಸಲ ಕೇಳುತ್ತಾಳೆ: 'ಗುಡ್ಡಿ ಏನಂತರಿ ಅಕ್ಕಾರ?' ಅವಳಿಗೆ ಏನು ಹೇಳಲಿ? ಗುಡ್ಡೆ ಬಾಯಿ ಬಿಟ್ಟಿತು, ಸೋಮನಿಂಗ ಮುಚ್ಚಿದ ಎನ್ನಲೇ?

ಸಂಕ್ರಾಂತಿಗೆ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಕೆರೆಯ ದಂಡೆಗೆ ಬರುತ್ತಾರೆ. ಮನಗೂಳಿ, ಬಾಗೇವಾಡಿಯಿಂದಲೂ ಬರುತ್ತಾರೆ. ಬಂದು ಓದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡ ಮಾಡು, ತಿದ್ದಲು ನಾನಿದ್ದೇನೆ. ಪೇಪರಿನವರಿಗೆ ನಾನು ಕಾಗದ ಹಾಕುತ್ತೇನೆ. ಕೆಂಪು ಗೆರೆ ಎಳೆದ ಭಾಗವನ್ನೇ ಮೊದಲು ಓದು.

ನಲವತ್ತೆಂಟರಲ್ಲಿ ಬರುವುದಿಲ್ಲ ಎಂದು ನೀನು ಬರೆದೆ. ನಾನು ಒಂದು ಮಾತು ಆಡಲಿಲ್ಲ. ಈ ಸಲ ಆಡದೆ ಬಿಡುವುದಿಲ್ಲ.

ಸಾವಂತ್ರವ್ವ


ಪುಣೆ
೨೮ ಡಿಸೆಂಬರ್ ೧೯೭೪

ಸಾವಂತ್ರಿ,

ಸಂಕ್ರಾಂತಿಯ ಹಿಂದಿನ ದಿನ ಸೊಲ್ಲಾಪುರದ ಮೇಲೆ ಬರುತ್ತೇನೆ.

ನಿನ್ನ ಕಾಗದವನ್ನು ಹದಿನೈದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸಂಸ್ಥೆಯ ನಿಯಮದಂತೆ ಹೊರಗೆ ಮಾತಾಡಲು ಡೈರೆಕ್ಟರ ಅಪ್ಪಣೆ ಬೇಕು. ಕೇಳಲಿಲ್ಲ. ರಜೆಯ ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಪ್ರಬಂಧ ಓದಲು' ಎಂದೇ ಬರೆದೆ. ಗುಮಾಸ್ತ ಒಳ್ಳೆಯವನು, 'ಸರ್, ಮನೆಯಲ್ಲಿ ಮದುವೆ ಅಂತ ಬರೀರಿ, ಯಾರಿಗೂ ತ್ರಾಸಿಲ್ಲ' ಎಂದ. ನಮ್ಮ ಮನೆಯ ಮದುವೆಗೆ ನಾನು ಹೋಗುವ ಅಭ್ಯಾಸವಿಲ್ಲ ಎಂದೆ. ಅರ್ಜಿಯನ್ನು ಹಾಗೇ ಒಳಗೆ ಕಳಿಸಿದ್ದಾನೆ. ಮಂಜೂರಾದರೂ ಬರುತ್ತೇನೆ, ಆಗದಿದ್ದರೂ ಬರುತ್ತೇನೆ. ವಾಪಸ್ ಬಂದ ಮೇಲೆ ನನ್ನ ಮೇಜು ಇಲ್ಲಿ ಇರುತ್ತದೋ ಇಲ್ಲವೋ. ಖಾನೆಯನ್ನಂತೂ ಖಾಲಿ ಮಾಡಿದ್ದೇನೆ.

ಕೆಂಪು ಗೆರೆಯ ಭಾಗವನ್ನು ಕನ್ನಡ ಮಾಡಿದ್ದೇನೆ. ಮಾತು ತಿದ್ದು. ಅರ್ಥಕ್ಕೆ ಕೈ ಹಾಕಬೇಡ.

'ಈ ಕೆರೆ ಎಂಟುನೂರು ವರ್ಷಗಳಲ್ಲಿ ಮೂರು ಸಲ ತಳ ಕಾಣುವಂತೆ ಬತ್ತಿತ್ತು. ಆ ಬರಗಳನ್ನು ಮನುಷ್ಯ ತಂದಿರಲಿಲ್ಲ. ಈಗ ಗಾಳಿಯಲ್ಲಿ ಏರುತ್ತಿರುವ ಇಂಗಾಲವನ್ನು ಮನುಷ್ಯ ತಂದಿದ್ದಾನೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಎಷ್ಟು ಬೇಗ, ನಮ್ಮ ಮಳೆಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಂಬಬೇಡಿರಿ. ಆದರೆ ಇನ್ನು ಮುಂದೆ ಈ ಮಡು ಬತ್ತಿದಾಗ, ಅದು ತಾನಾಗಿ ಬತ್ತಿತು ಎಂದು ವಿಚಾರಿಸದೆ ಹೇಳುವ ಹಕ್ಕು ಯಾವ ಸಾಹೇಬನಿಗೂ ಇಲ್ಲ.'

ಸೋಮನಿಂಗ